ಬರಿಗೊಡದ ಭಯ

ಊರಿಗೆ ಹೊರಟಾಗ ತುಂಬಿದ ಕೊಡ ಎದುರಾದರೆ ಶುಭ, ಬರಿಗೊಡ ಎದುರಾದರೆ ಅಶುಭ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದಿದೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು ಇಂಥ ಶಕುನಗಳನ್ನು ಕಂಡು ನಕ್ಕವನೇ ಹೊರತು ನಂಬಿದವನಲ್ಲ. ಈಗಲೂ ನಂಬುವುದಿಲ್ಲ. ಆದರೆ ಪ್ರಯಾಣಕ್ಕೆ ಹೊರಟ ವಿಮಾನದ ಹೊಟ್ಟೆಯಲ್ಲಿ ಬರಿದಾದ ಕೊಡವೊಂದಿದ್ದರೆ ಅದಕ್ಕೆ ಅಂಜಲೇಬೇಕೆಂದು ವಿಜ್ಞಾನಿಗಳೇ ಒಪ್ಪಿಕೊಂಡಿದ್ದಾರೆಂಬ ಸಂಗತಿ ತಿಳಿದಾಗ ನನ್ನ ನಗೆ ಸ್ವಲ್ಪ ಹಿಂಗಿತೆಂದೇ ಹೇಳಬೇಕು.

ಆ ಸಂಗತಿ ನನಗೆ ತಿಳಿದದ್ದು ಹೀಗೆ. ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆ. ತೇರೆಳೆದ ಮರುದಿನ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ತಾಯಿಯೊಡನೆ ಮನೆಗೆ ಬಂದನು. ಕುಷ್ಟಗಿ ಕಡೆಯ ಹುಡುಗ. ಪಿ.ಯು.ಸಿ.ಯಲ್ಲಿ ನನ್ನ ಬಳಿ ಕನ್ನಡ ಓದಿದವನು. ಈಗ ಬೆಂಗಳೂರಿನಲ್ಲಿ ವಿಮಾನಗಳನ್ನು ದುರಸ್ತಿ ಮಾಡುವ ಕೆಲಸದಲ್ಲಿದ್ದಾನೆ. ಕುಶಲ ಪ್ರಶ್ನೆ ಮುಗಿದು ಚಹಾ ಬರುವಷ್ಟರಲ್ಲಿ ಆ ತಾಯಿ ತಾನು ಬಂದ ಉದ್ದೇಶವನ್ನು ಹೊರಗಿಟ್ಟಳು.

“ಮಾಸ್ತರ, ನೀವರ ಒಂದೀಟು ಬುದ್ಧಿ ಹೇಳ್ರಿ ಇವನಿಗೆ. ಇಮಾನದ ಎಣ್ಣಿ ಟಾಕಿಯೊಳಗ ಇಳೀತಾನಂತ. ನಮ್ಮ ಮನಿತನಕ್ಕ ಅದು ಆಗಿಬರೂದಿಲ್ರಿ.”

ಹುಡುಗ ತಲೆ ತಗ್ಗಿಸಿ ನಕ್ಕನು. “ಅವ್ವಗ ಹಗೇವಿನ ಅಂಜಿಕಿ ಸರ,” ಎಂದನು.

ಹಗೇವಿನ ನೆನಪು

ಹಗೇವೆಂದರೇನೆಂದು ಮೈಸೂರು, ಬೆಂಗಳೂರಿನ ವಾಚಕರಿಗೆ ಒಂದು ಮಾತು ಹೇಳಬೇಕು. ಯಲಬುರ್ಗಾ, ಕುಷ್ಟಗಿಗಳ ಎರೆ ಸೀಮೆಯಲ್ಲಿ ಜೋಳವೇ ಜೀವ. ಬೆಳೆದ ಜೋಳವನ್ನು ಕೆಡದಂತೆ ಕಾಯ್ದಿಡಲು ಹಿಂದಿನವರು ನೆಲದಲ್ಲಿ ದೊಡ್ಡ ಗುಂಡಿ ತೋಡುತ್ತಿದ್ದರು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಮಾತ್ರ ಗುಡಾಣದಂತೆ ಅಗಲ. ಒಳಗೋಡೆಗೆ ಜೋಳದ ದಂಟನ್ನು ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲುಚಪ್ಪಡಿ ಎಳೆದು, ಮಣ್ಣು ಮೆತ್ತಿಬಿಟ್ಟರೆ ಮುಗಿಯಿತು. ಬರಗಾಲ ಬಂದಾಗ ಬಾಯಿ ತೆಗೆದರೆ ಮನೆತನವೇ ಉಳಿಯುತ್ತಿತ್ತು. ಅದೇ ಹಗೇವು.

ಆ ತಾಯಿಯ ತವರು ಯಲಬುರ್ಗಾ ತಾಲೂಕಿನ ಒಂದು ಹಳ್ಳಿ. ಅವಳ ಬಾಲ್ಯದಲ್ಲಿ ಒಂದು ಮುಂಜಾನೆ ಮನೆಯ ಹಗೇವನ್ನು ತೆರೆದರಂತೆ. ಬಾಯಿ ತೆರೆದ ಹಗೇವನ್ನು ಒಂದು ಹೊತ್ತು ಗಾಳಿಗೆ ಬಿಡಬೇಕು, ಅನಂತರ ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಇಳಿಯಲೇಬಾರದು. ಇದು ಹಿರಿಯರ ಕಟ್ಟಳೆ. ಆದರೆ ಅಂದು ಮನೆಯಲ್ಲಿ ಮದುವೆಯ ಅವಸರ. ಹಿರಿಯರು ಊರಲ್ಲಿರಲಿಲ್ಲ. ಅವಳ ಸೋದರಮಾವ ಬುಟ್ಟಿ ಹಿಡಿದು ನೇರವಾಗಿ ಇಳಿದನು. ಇಳಿದವನು ಮಾತಾಡಲಿಲ್ಲ. ಮೇಲೆ ನಿಂತಿದ್ದ ಅವನ ತಮ್ಮ ಎರಡು ಸಲ ಕೂಗಿ ಕರೆದು, ಓಗೊಡಲಿಲ್ಲವೆಂದು ಗಾಬರಿಯಾಗಿ ತಾನೂ ಧುಮುಕಿದನು. ಇಬ್ಬರ ಹೆಣವನ್ನೂ ಒಂದೇ ಹಗ್ಗದಿಂದ ಎತ್ತಬೇಕಾಯಿತು.

“ಒಬ್ಬಾವ ಹೋಗಿದ್ದು ತಪ್ಪಿನಿಂದ. ಎರಡನೇದಾವ ಹೋಗಿದ್ದು ಕಳ್ಳಿನಿಂದರಿ,” ಎಂದಳು ಆಕೆ. ಕಳ್ಳೆಂದರೆ ಕರುಳು. ನಾನು ಏನು ಹೇಳಲಿ? ಹುಡುಗನ ಕಡೆ ತಿರುಗಿ, “ನಿನ್ನ ಕೆಲಸವೇನು, ಮೊದಲು ಅದನ್ನು ಬಿಡಿಸಿ ಹೇಳು,” ಎಂದೆ. ಅಂದು ಮಧ್ಯಾಹ್ನದ ಊಟದವರೆಗೆ ಅವನು ಹೇಳಿದ್ದನ್ನೂ, ಅನಂತರ ಕುತೂಹಲದಿಂದ ನಾನೇ ಓದಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ರೆಕ್ಕೆಯೇ ಟ್ಯಾಂಕು

ಕೊಪ್ಪಳ ಜಿಲ್ಲೆಯವರಿಗೆ ವಿಮಾನ ಇನ್ನೂ ಮನೆಬಾಗಿಲಿನ ವಸ್ತುವಾಗಿಲ್ಲ. ಗಿಣಿಗೇರಿಯ ಬಳಿ ಖಾಸಗಿ ಉದ್ದಿಮೆಯೊಂದರ ಇಳಿದಾಣವಿದೆಯಷ್ಟೆ. ವಿಮಾನ ಹತ್ತಬೇಕಾದವರು ಹುಬ್ಬಳ್ಳಿಗೋ ತೋರಣಗಲ್ಲಿನ ವಿದ್ಯಾನಗರಕ್ಕೋ ಹೋಗುತ್ತಾರೆ. ಆದರೆ ವಿಮಾನದ ದುರಸ್ತಿ ಕನ್ನಡನಾಡಿಗೆ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಯುದ್ಧವಿಮಾನಗಳು ದುರಸ್ತಿಗಾಗಿ ಅಲ್ಲಿಗೆ ಬರುತ್ತಿದ್ದವು. ಅಂದಿನಿಂದ ಸಾವಿರಾರು ಕನ್ನಡಿಗರ ಕೈಗಳು ವಿಮಾನದ ಎಣ್ಣೆಯ ಮಸಿಯನ್ನು ಕಂಡಿವೆ.

ಪ್ರಯಾಣಿಕರಾದ ನಾವು ರೆಕ್ಕೆಯೆಂದರೆ ಹಾರಲು ಇರುವ ಹಲಗೆಯೆಂದು ತಿಳಿದಿರುತ್ತೇವೆ. ನಿಜವಾಗಿ ಅದು ಒಂದು ಟೊಳ್ಳು ಪೆಟ್ಟಿಗೆ. ಆ ಟೊಳ್ಳೇ ಇಂಧನದ ಟ್ಯಾಂಕು. ಎರಡೂ ರೆಕ್ಕೆಗಳಲ್ಲಿ ಒಂದೊಂದು. ರೆಕ್ಕೆಗಳು ಕೂಡುವ ಕಡೆ, ಪ್ರಯಾಣಿಕರ ಪಾದದ ಕೆಳಗೇ, ಅನೇಕ ವಿಮಾನಗಳಲ್ಲಿ ಮೂರನೆಯದೂ ಉಂಟು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಏರ್‌ಬಸ್ 320 ವಿಮಾನದ ಟ್ಯಾಂಕುಗಳು ಪೂರ್ತಿ ತುಂಬಿದರೆ ಸುಮಾರು 24,000 ಲೀಟರು ಹಿಡಿಯುತ್ತವೆ. ದೂರದ ಪಯಣವಿಲ್ಲದಿದ್ದರೆ ಮೂರನೆಯ ಟ್ಯಾಂಕನ್ನು ತುಂಬುವುದಿಲ್ಲ. ಅದೇ ನಮ್ಮ ಕಥೆಯ ಬರಿಗೊಡ.

ಅದರಲ್ಲಿ ತುಂಬುವುದು ಪೆಟ್ರೋಲಲ್ಲ, ಶುದ್ಧಗೊಳಿಸಿದ ಒಂದು ಬಗೆಯ ಸೀಮೆಎಣ್ಣೆ. ನಮ್ಮ ತಾಯಂದಿರು ಸ್ಟೋವಿಗೆ ಹಾಕುತ್ತಿದ್ದ ಚಿಮಣಿ ಎಣ್ಣೆಯ ಹತ್ತಿರದ ಬಂಧು. ಸ್ಟೋವು ಹಚ್ಚಿದವರಿಗೆಲ್ಲ ಗೊತ್ತು: ತಣ್ಣಗಿನ ಸೀಮೆಎಣ್ಣೆ ಕಡ್ಡಿ ಗೀರಿದರೂ ಸುಲಭವಾಗಿ ಹತ್ತದು. ಅದು ಕಾಯ್ದು ಆವಿಯಾದಾಗಲೇ ಭಗ್ಗೆನ್ನುವುದು. ಉರಿಯುವುದು ಎಣ್ಣೆಯಲ್ಲ, ಎಣ್ಣೆಯ ಆವಿ. ವಿಮಾನದ ಸೀಮೆಎಣ್ಣೆ 38 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣದಲ್ಲಿ ಹೊತ್ತುವಷ್ಟು ಆವಿಯನ್ನು ಬಿಡಬಾರದೆಂಬುದು ನಿಯಮ. ಈ 38 ಎಂಬ ಅಂಕಿಯನ್ನು ಕೊಪ್ಪಳದವರು ಕೇಳಿದರೆ ನಕ್ಕಾರು. ನಮ್ಮ ಏಪ್ರಿಲ್, ಮೇ ತಿಂಗಳುಗಳ ಬಿಸಿಲು ಅದನ್ನು ದಾಟಿ ಎಷ್ಟೋ ಮೇಲಕ್ಕೆ ಹೋಗುತ್ತದೆ. ಸಾಲದ್ದಕ್ಕೆ ವಿಮಾನ ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗಿ, ಇನ್ನೂ ಕಡಿಮೆ ಉಷ್ಣದಲ್ಲಿಯೇ ಆವಿ ಸಿದ್ಧವಾಗುತ್ತದೆ.

ತುಂಬಿದ ಟ್ಯಾಂಕಿನಲ್ಲಿ ಆವಿಗೂ ಗಾಳಿಗೂ ಜಾಗ ಕಡಿಮೆ. ತಳದಲ್ಲಿ ನಾಲ್ಕು ಕೊಡದಷ್ಟು ಎಣ್ಣೆ ಮಾತ್ರ ಉಳಿದ ಟ್ಯಾಂಕಿನಲ್ಲಿಯಾದರೋ ಮೇಲೆಲ್ಲ ಆವಿ ಮತ್ತು ಗಾಳಿಯ ಮಿಶ್ರಣ. ಇದು ವಿಮಾನದವರಿಗಷ್ಟೇ ತಿಳಿದ ರಹಸ್ಯವೇನೂ ಅಲ್ಲ. ಗಂಗಾವತಿಯಲ್ಲಿ ಭತ್ತದ ಲಾರಿ, ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯ ಮುಂದೆ ನಾನೊಮ್ಮೆ ನಿಂತಿದ್ದೆ. ಎಣ್ಣೆಯ ಹಳೆಯ ಪೀಪಾಯಿಯೊಂದನ್ನು ಬೆಸೆಯಬೇಕಾಗಿತ್ತು. ಮುದುಕ ಮೇಸ್ತ್ರಿ ಹುಡುಗನನ್ನು ಗದರಿಸಿ, ಪೀಪಾಯಿಯ ಕಂಠದವರೆಗೆ ನೀರು ತುಂಬಿಸಿದ ಮೇಲೆಯೇ ಬೆಂಕಿಯ ಕಡ್ಡಿಯನ್ನು ಹತ್ತಿರ ತಂದನು. “ತುಂಬಿದ್ದಕ್ಕ ಅಂಜಬ್ಯಾಡ, ಖಾಲಿ ಅದಕ್ಕ ಅಂಜು,” ಎಂಬುದು ಅವನ ಪಾಠ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಗೆ ಇಂಥದೊಂದು ಅರ್ಥವೂ ಇರಬಹುದೆಂದು ಕನ್ನಡ ಮೇಷ್ಟರಾದ ನನಗೆ ಅಂದು ಹೊಳೆಯಿತು.

ಒಂದು ಸಂಜೆಯ ಸಿಡಿಲು

ಮೇಸ್ತ್ರಿಗೆ ತಿಳಿದಿದ್ದ ಈ ಸತ್ಯಕ್ಕೆ ವಿಮಾನ ಜಗತ್ತು ತೆತ್ತ ಬೆಲೆ ಸಣ್ಣದಲ್ಲ. 1963ರ ಡಿಸೆಂಬರ್ 8ರಂದು ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಮೇಲೆ ಹಾರುತ್ತಿದ್ದ ಪ್ಯಾನ್ ಅಮೆರಿಕನ್ ಕಂಪನಿಯ ಬೋಯಿಂಗ್ 707 ವಿಮಾನಕ್ಕೆ ಸಿಡಿಲು ಬಡಿದು, ರೆಕ್ಕೆಯ ಟ್ಯಾಂಕಿನ ಆವಿ ಹೊತ್ತಿ, 81 ಜನ ಮಡಿದರು. 1990ರ ಮೇ 11ರಂದು ಮನಿಲಾದಲ್ಲಿ, ಇನ್ನೂ ನೆಲದ ಮೇಲೆಯೇ ಇದ್ದ ಬೋಯಿಂಗ್ 737 ವಿಮಾನದ ಮಧ್ಯದ ಟ್ಯಾಂಕು ಸಿಡಿದು ಎಂಟು ಜನ ಸತ್ತರು. ಆ ವಿಮಾನಕ್ಕೆ ಒಂದು ವರ್ಷವೂ ತುಂಬಿರಲಿಲ್ಲ.

ಆದರೂ ಜಗತ್ತು ಬೆಚ್ಚಿಬಿದ್ದದ್ದು 1996ರ ಜುಲೈ 17ರ ಸಂಜೆ. ಟಿ.ಡಬ್ಲ್ಯು.ಎ. ಕಂಪನಿಯ 800ನೆಯ ಸಂಖ್ಯೆಯ ಪಯಣ, ನ್ಯೂಯಾರ್ಕಿನಿಂದ ಪ್ಯಾರಿಸಿಗೆ. ಬೋಯಿಂಗ್ 747 ವಿಮಾನ, ವಯಸ್ಸು ಇಪ್ಪತ್ತೈದು. ಮಧ್ಯದ ಟ್ಯಾಂಕು ಸುಮಾರು 49,000 ಲೀಟರು ಹಿಡಿಯುವಂಥದು. ಅಂದು ಅದರಲ್ಲಿದ್ದುದು ಸುಮಾರು 190 ಲೀಟರು ಮಾತ್ರ. ಹೊರಡುವುದು ತಡವಾಗಿ, ಬೇಸಗೆಯ ಸೆಕೆಯಲ್ಲಿ ವಿಮಾನ ಎರಡೂವರೆ ಗಂಟೆಗೂ ಮಿಕ್ಕಿ ನಿಂತಿತ್ತು. ಜನರಿಗೆ ತಂಪಾಗಲೆಂದು ಹವಾನಿಯಂತ್ರಣದ ಯಂತ್ರಗಳು ಓಡುತ್ತಲೇ ಇದ್ದವು. ಆ ಯಂತ್ರಗಳು ಇದ್ದದ್ದು ಬರಿದಾದ ಟ್ಯಾಂಕಿನ ಅಡಿಯಲ್ಲಿಯೇ! ಮೇಲೆ ಪ್ರಯಾಣಿಕರಿಗೆ ತಂಪು, ಕೆಳಗೆ ಟ್ಯಾಂಕಿಗೆ ಒಲೆ. ನೆಲ ಬಿಟ್ಟ ಹನ್ನೆರಡು ನಿಮಿಷಕ್ಕೆ, ಅಟ್ಲಾಂಟಿಕ್ ಸಾಗರದ ಮೇಲೆ ಆ ವಿಮಾನ ಸಿಡಿದು ಎರಡಾಯಿತು. ಒಳಗಿದ್ದ 230 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಬಾಂಬಿಟ್ಟರೆಂದು ಕೆಲವರು, ಕ್ಷಿಪಣಿ ಹೊಡೆಯಿತೆಂದು ಕೆಲವರು ಹೇಳಿದರು. ಸಮುದ್ರದ ತಳದಿಂದ ಚೂರುಗಳನ್ನು ಆಯ್ದು ತಂದು, ಹರಿದ ಓಲೆಗರಿಯನ್ನು ವಿದ್ವಾಂಸರು ಜೋಡಿಸುವಂತೆ ಜೋಡಿಸಿ, ನಾಲ್ಕು ವರ್ಷ ಶೋಧಿಸಿ, 2000ದ ಆಗಸ್ಟಿನಲ್ಲಿ ತನಿಖೆಯವರು ತೀರ್ಪು ಕೊಟ್ಟರು. ಸಿಡಿದದ್ದು ಮಧ್ಯದ ಟ್ಯಾಂಕಿನ ಆವಿ. ಕಿಡಿ ಎಲ್ಲಿಂದ ಬಂತೆಂದು ಖಂಡಿತವಾಗಿ ಹೇಳಲು ಅವರಿಂದಲೂ ಆಗಲಿಲ್ಲ. ಟ್ಯಾಂಕಿನ ಹೊರಗೆ ಎಲ್ಲಿಯೋ ತಂತಿಗಳು ತಾಗಿ, ಹೆಚ್ಚಿನ ವಿದ್ಯುತ್ತು ಎಣ್ಣೆಯ ಮಟ್ಟವನ್ನು ಅಳೆಯುವ ತಂತಿಯ ಮೂಲಕ ಒಳಗೆ ಹರಿದಿರಬೇಕು ಎಂಬುದೇ ಅವರಿಗೆ ಹೆಚ್ಚು ಸಂಭವವೆಂದು ತೋರಿತು.

ಜೋಡಿಸಿದ ಆ ವಿಮಾನದ ಅಸ್ಥಿಪಂಜರ ವರ್ಜೀನಿಯಾದ ಶಿಕ್ಷಣ ಕೇಂದ್ರವೊಂದರಲ್ಲಿ 2021ರವರೆಗೂ ಉಳಿದು, ಅಪಘಾತಗಳನ್ನು ಶೋಧಿಸಲು ಕಲಿಯುವವರಿಗೆ ಪಠ್ಯವಾಯಿತು. ಆ ಕೇಂದ್ರದ ಬಾಗಿಲನ್ನು ಮುಟ್ಟದ ನಮ್ಮ ಕುಷ್ಟಗಿಯ ಹುಡುಗನೂ ಅದರ ಚಿತ್ರವನ್ನು ತನ್ನ ಮೊದಲನೆಯ ದಿನದ ತರಗತಿಯಲ್ಲಿಯೇ ನೋಡಿದನಂತೆ.

ಕಿಡಿಯ ಅಳತೆ

ಆವಿ ಹೊತ್ತಲು ಎಷ್ಟು ದೊಡ್ಡ ಕಿಡಿ ಬೇಕು? ಒಂದು ಜೌಲ್ ಶಕ್ತಿಯ ಐದು ಸಾವಿರದಲ್ಲಿ ಒಂದು ಭಾಗ ಸಾಕು. ಚಳಿಗಾಲದ ರಾತ್ರಿ ನೈಲಾನ್ ಬಟ್ಟೆ ಕಳಚುವಾಗ ಬೆರಳಿಗೆ ಚುರುಕ್ಕೆನ್ನುವ ಕಿಡಿಯಿದೆಯಲ್ಲ, ಅದರಲ್ಲಿಯೇ ಇದಕ್ಕಿಂತ ಹೆಚ್ಚು ಶಕ್ತಿಯಿರುತ್ತದೆ! ಆದ್ದರಿಂದಲೇ ಟ್ಯಾಂಕಿನಲ್ಲಿ ಕೆಲಸ ಮಾಡುವವನಿಗೆ ನೂಲಿನ ಬಟ್ಟೆಯೇ ಗತಿ. ನೈಲಾನು, ಉಣ್ಣೆಗಳು ವರ್ಜ್ಯ. ಎಣ್ಣೆ ಇಳಿಸುವ ಮೊದಲು ವಿಮಾನವನ್ನೂ ಎಣ್ಣೆಯ ಗಾಡಿಯನ್ನೂ ತಂತಿಯಿಂದ ಬೆಸೆದು ಕೂಡಿದ ವಿದ್ಯುತ್ತು ಹರಿದುಹೋಗುವಂತೆ ಮಾಡಬೇಕು. ಜೇಬಿನಲ್ಲಿ ಮೊಬೈಲು ಇರಕೂಡದು. ಕಿಡಿ ಹೊರಬೀಳದಂತೆ ಕಟ್ಟಿದ ಬ್ಯಾಟರಿ ದೀಪವನ್ನಲ್ಲದೆ ಬೇರೊಂದನ್ನು ಒಯ್ಯಕೂಡದು.

ನ್ಯೂಯಾರ್ಕಿನ ದುರಂತವಾದ ಮೇಲೂ 2001ರ ಮಾರ್ಚ್ 3ರಂದು ಬ್ಯಾಂಕಾಕಿನಲ್ಲಿ ಥಾಯ್ ಏರ್‌ವೇಸ್‌ನ ಬೋಯಿಂಗ್ 737 ವಿಮಾನವೊಂದು ನಿಂತಲ್ಲಿಯೇ ಸಿಡಿಯಿತು. ಥಾಯ್ಲೆಂಡಿನ ಪ್ರಧಾನಮಂತ್ರಿ ಸ್ವಲ್ಪ ಹೊತ್ತಿನಲ್ಲಿ ಅದೇ ವಿಮಾನವನ್ನು ಹತ್ತುವವರಿದ್ದರು. ಪ್ರಯಾಣಿಕರು ಇನ್ನೂ ಹತ್ತಿರಲಿಲ್ಲವಾದ್ದರಿಂದ ಸತ್ತದ್ದು ವಿಮಾನದ ಸಿಬ್ಬಂದಿಯಲ್ಲಿ ಒಬ್ಬರು. ಅಲ್ಲಿಯೂ ಬರಿದಾದ ಮಧ್ಯದ ಟ್ಯಾಂಕು, ಅಲ್ಲಿಯೂ ಕೆಳಗೆ ಓಡುತ್ತಿದ್ದ ಹವಾನಿಯಂತ್ರಣ. ಜೊತೆಗೆ ಎಣ್ಣೆಯಿಲ್ಲದ ಟ್ಯಾಂಕಿನಲ್ಲಿ ಪಂಪುಗಳನ್ನು ಓಡಲು ಬಿಡಲಾಗಿತ್ತು. ಪಂಪನ್ನು ತಂಪಾಗಿಡುವುದು ಅದರ ಸುತ್ತಲಿನ ಎಣ್ಣೆಯೇ. ಎಣ್ಣೆಯಿಲ್ಲದೆ ಓಡಿದ ಪಂಪು ಕಾಯುತ್ತದೆ. ಆ ವರ್ಷವೇ ಅಮೆರಿಕದ ವಿಮಾನಯಾನ ಇಲಾಖೆ ಹೊಸ ಕಟ್ಟಳೆ ಹೊರಡಿಸಿತು: ಪ್ರತಿಯೊಂದು ಮಾದರಿಯ ದೊಡ್ಡ ವಿಮಾನದಲ್ಲಿಯೂ ಕಿಡಿ ಹುಟ್ಟಬಹುದಾದ ಮೂಲೆಗಳನ್ನೆಲ್ಲ ಹುಡುಕಬೇಕು, ಅಲ್ಲಿ ಯಾವುದನ್ನು ಎಂದೆಂದೂ ಬದಲಿಸಬಾರದೆಂಬುದನ್ನು ಬರೆದಿಡಬೇಕು. ಅದನ್ನು ವಿಮಾನ ಮುಟ್ಟುವ ಕೈಗಳಿಗೆ ಕಲಿಸುವ ಹೊಣೆ ದುರಸ್ತಿ ಸಂಸ್ಥೆಗಳ ಮೇಲೆ ಬಿತ್ತು. ಯೂರೋಪು ಅದಕ್ಕೊಂದು ಪಾಠಕ್ರಮವನ್ನೇ ರೂಪಿಸಿತು. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳಲ್ಲಿಯೂ ಆ ಶಿಕ್ಷಣಕ್ಕೆ ಸ್ಥಾನ ದೊರೆಯಿತು.

ಏನನ್ನು ಕಲಿಸುತ್ತಾರೆ?

ಶಿಕ್ಷಣದಲ್ಲಿ ಎರಡು ಘಟ್ಟಗಳು. ಮೊದಲನೆಯದು ಎಚ್ಚರ ಹುಟ್ಟಿಸುವ ಪಾಠ: ಯಾವ ವಿಮಾನ ಏಕೆ ಸಿಡಿಯಿತು, ಕಟ್ಟಳೆ ಏಕೆ ಬಂತು ಎಂಬ ಇತಿಹಾಸ. ಎರಡನೆಯದು ನಿಜವಾಗಿ ಕೈ ಹಾಕುವವರಿಗೆ: ಯಾವ ತಂತಿ ಯಾವ ತಂತಿಯಿಂದ ಎಷ್ಟು ದೂರವಿರಬೇಕು, ಯಾವ ಬೋಲ್ಟಿನ ತಲೆಗೆ ಯಾವ ಮೇಣ ಬಳಿಯಬೇಕು, ಲೋಹದ ತುಂಡುಗಳನ್ನು ಒಂದಕ್ಕೊಂದು ಬೆಸೆಯುವ ಪಟ್ಟಿ ಸಡಿಲವಾಗಿದೆಯೇ ಎಂಬ ವಿವರಗಳು. ಇದು ಮುಗಿದ ಮೇಲೆ ಎರಡು ವರ್ಷ ಮೀರದಂತೆ ಮತ್ತೆ ಮತ್ತೆ ಪಾಠ ಕೇಳಬೇಕು.

“ಒಮ್ಮೆ ಪಾಸಾದರೆ ಸಾಲದೇ?” ಎಂದು ಕೇಳಿದೆ.

“ಸಾಲದು ಸರ. ಮೊದಲನೆಯ ಸಲ ಎಲ್ಲರೂ ಅಂಜಿ ಕೆಲಸ ಮಾಡತಾರ. ನೂರನೇ ಸಲಕ್ಕೆ ಅಂಜಿಕಿ ಹೋಗಿರತದ. ಮತ್ತ ಅಂಜಸಾಕ ಕ್ಲಾಸು,” ಎಂದನು.

ವಿವರಗಳು ಕ್ಷುಲ್ಲಕವಾಗಿ ತೋರುತ್ತವೆ, ಆದರೆ ಪ್ರತಿಯೊಂದರ ಹಿಂದೆಯೂ ಒಂದು ಕಾರಣವುಂಟು. ಪಾತ್ರೆ ಉಜ್ಜುವ ಉಕ್ಕಿನ ನಾರಿನಿಂದ ಟ್ಯಾಂಕಿನೊಳಗಿನ ತುಕ್ಕನ್ನು ಉಜ್ಜಬಾರದು. ಕೂದಲಿನಂಥ ಒಂದು ಎಳೆ ಉಳಿದು ಎರಡು ವಿದ್ಯುತ್ ಬಿಂದುಗಳ ನಡುವೆ ಸೇತುವೆಯಾದರೆ ಕೆಲಸ ಕೆಟ್ಟಿತು. ತಂತಿಯ ಮೇಲಿನ ಹೊದಿಕೆ ಉಜ್ಜಿ ಸವೆಯಬಾರದು. 1998ರಲ್ಲಿ ಹಳೆಯ ಬೋಯಿಂಗ್ 737 ವಿಮಾನಗಳಲ್ಲಿ ಪಂಪಿನ ತಂತಿಗಳನ್ನು ಹೊರಗೆಳೆದು ನೋಡಿದಾಗ, ಟ್ಯಾಂಕಿನ ನಡುವೆ ಹಾಯುವ ಕೊಳವೆಯೊಳಗೆ ಕೆಲವು ತಂತಿಗಳ ಹೊದಿಕೆ ಸವೆದುಹೋಗಿತ್ತು. ಇನ್ನು ಟ್ಯಾಂಕಿನ ತಳದಲ್ಲಿ ನೀರು ನಿಲ್ಲಬಾರದು. ನೀರಿಗೂ ಸೀಮೆಎಣ್ಣೆಗೂ ನಡುವಿನ ಗೆರೆಯಲ್ಲಿ ಎಣ್ಣೆಯನ್ನೇ ತಿಂದು ಬೆಳೆಯುವ ಬೂಷ್ಟು ಹುಟ್ಟಿ ಲೋಹವನ್ನು ಕೊರೆಯುತ್ತದೆ. ಒದ್ದೆ ಚಮಚ ಮುಟ್ಟಿದ ಉಪ್ಪಿನಕಾಯಿ ಭರಣಿಯ ಗತಿಯೇ ವಿಮಾನದ ಟ್ಯಾಂಕಿಗೂ!

ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ನಿಂತದ್ದು ವಾಷರಿನ ಕಥೆ. 2007ರ ಆಗಸ್ಟ್ 20ರಂದು ಚೈನಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನವೊಂದು ಜಪಾನಿನ ಓಕಿನಾವಾ ದ್ವೀಪದ ನಾಹಾ ನಿಲ್ದಾಣಕ್ಕೆ ಸುಖವಾಗಿ ಇಳಿಯಿತು. ನಿಲ್ಲುವ ಜಾಗಕ್ಕೆ ಬಂದಾಗ ಬಲರೆಕ್ಕೆಯಿಂದ ಎಣ್ಣೆ ಸುರಿದು ಹೊತ್ತಿಕೊಂಡಿತು. ಒಳಗಿದ್ದ 165 ಜನರೂ ಹೊರಬಿದ್ದು ಬದುಕಿದರು. ವಿಮಾನ ಸುಟ್ಟು ಕರಕಾಯಿತು. ಶೋಧಿಸಿದಾಗ ತಿಳಿದದ್ದಿಷ್ಟು: ಕೆಲವು ವಾರಗಳ ಹಿಂದೆ ದುರಸ್ತಿ ನಡೆದಾಗ ರೆಕ್ಕೆಯ ಮುಂಚಾಚಿನ ಒಂದು ಬೋಲ್ಟಿನಲ್ಲಿ ವಾಷರು ತಪ್ಪಿಹೋಗಿತ್ತು. ಅಲ್ಲಿಯ ನಟ್ಟು ರಂಧ್ರಕ್ಕಿಂತ ಚಿಕ್ಕದು, ವಾಷರಿಲ್ಲದೆ ನಿಲ್ಲದು. ಬೋಲ್ಟು ಜಾರಿಬಿತ್ತು. ಮುಂಚಾಚು ಹಿಂದೆ ಸರಿದಾಗ ಆ ಬೋಲ್ಟು ಟ್ಯಾಂಕಿನ ಗೋಡೆಯನ್ನು ತೂತು ಮಾಡಿತು. ಒಂದು ಬಿಲ್ಲೆಯಷ್ಟು ಲೋಹಕ್ಕೆ ಒಂದು ವಿಮಾನ!

ಅಂದಿನ ಮೆಕ್ಯಾನಿಕ್ಕನು ಸೋಮಾರಿಯಾಗಿರಬೇಕೆಂದೇನೂ ಇಲ್ಲ. ಅವನು ಕೈಹಾಕಿದ ಜಾಗ ಇಕ್ಕಟ್ಟು, ಕಣ್ಣಿಗೆ ಕಾಣುವುದೂ ಕಷ್ಟ. ಅದಕ್ಕಾಗಿಯೇ ಒಬ್ಬನು ಮಾಡಿದ್ದನ್ನು ಇನ್ನೊಬ್ಬನು ನೋಡಿ ಸಹಿ ಹಾಕಬೇಕು. ಒಳಗೊಯ್ದ ಉಪಕರಣ, ಬಟ್ಟೆಯ ಚಿಂದಿಗಳನ್ನೆಲ್ಲ ಎಣಿಸಿ ಹೊರತರಬೇಕು.

ದೀಪವಿಲ್ಲದ ಹಗೇವು

ಈಗ ತಾಯಿಯ ಅಂಜಿಕೆಗೆ ಬರೋಣ. ಸೋರಿಕೆಯೋ ಬಿರುಕೋ ಇದ್ದರೆ ಮನುಷ್ಯನು ಟ್ಯಾಂಕಿನೊಳಗೆ ಹೋಗಲೇಬೇಕು. ರೆಕ್ಕೆಯ ಅಡಿಯಲ್ಲಿ ಮೊಟ್ಟೆಯಾಕಾರದ ಕಿಂಡಿಗಳಿರುತ್ತವೆ. ಕೈಗಳನ್ನು ತಲೆಯ ಮೇಲೆ ಚಾಚಿ, ಹೆಗಲು ಓರೆ ಮಾಡಿ ತೂರಬೇಕಾದಷ್ಟೇ ಅವುಗಳ ಅಗಲ. ಒಳಗೆ ಪಕ್ಕೆಲುಬುಗಳಂಥ ಅಡ್ಡಗೋಡೆಗಳು. ಮಲಗಿಕೊಂಡೇ ಕೆಲಸ.

ಅದಕ್ಕೆ ಮೊದಲು ಎಣ್ಣೆಯನ್ನೆಲ್ಲ ಇಳಿಸಬೇಕು. ತಳದ ಪಸೆಯನ್ನೂ ತೆಗೆಯಬೇಕು. ಕಿಂಡಿಗಳನ್ನು ತೆರೆದು ಕೊಳವೆಯಿಂದ ಗಂಟೆಗಟ್ಟಲೆ ಗಾಳಿ ಹಾಯಿಸಬೇಕು. ಆಮೇಲೆ ಮೀಟರು ಇಳಿಸಿ ಎರಡು ಪ್ರಶ್ನೆ ಕೇಳಬೇಕು. ಆವಿ ಎಷ್ಟಿದೆ? ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಬೇಕು. ಆಮ್ಲಜನಕ ಎಷ್ಟಿದೆ? ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 21 ಪಾಲು ಇರುತ್ತದೆ. ಟ್ಯಾಂಕಿನಲ್ಲಿ 19.5ಕ್ಕಿಂತ ಕೆಳಗಿದ್ದರೆ ಪ್ರವೇಶವಿಲ್ಲ. ಹಿರಿಯರ ಕಂದೀಲು ಕೇಳುತ್ತಿದ್ದುದೂ ಇದೇ ಎರಡನೆಯ ಪ್ರಶ್ನೆಯನ್ನು. ಆದರೆ ಇಲ್ಲಿ ಕಂದೀಲು ಇಳಿಸಿದರೆ ಉತ್ತರ ಕೇಳಲು ಯಾರೂ ಉಳಿಯುವುದಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕಿಡಿಗಳನ್ನು ಎಷ್ಟು ಹುಡುಕಿದರೂ ಎಲ್ಲೋ ಒಂದು ಉಳಿಯಬಹುದೆಂದು ತಜ್ಞರು ಇನ್ನೊಂದು ಉಪಾಯ ತೆಗೆದರು. ಅಮೆರಿಕ 2008ರಲ್ಲಿ ಅದನ್ನು ಕಟ್ಟಳೆಯಾಗಿಸಿತು. ಎಂಜಿನಿನಿಂದ ಬರುವ ಗಾಳಿಯನ್ನು ಟೊಳ್ಳು ನಾರುಗಳ ಒಂದು ಕಟ್ಟಿನ ಮೂಲಕ ಹಾಯಿಸಿದರೆ ಆಮ್ಲಜನಕದ ಬಹುಪಾಲು ಸೋಸಿ ಹೋಗಿ ಸಾರಜನಕ ಉಳಿಯುತ್ತದೆ. ಅದನ್ನು ಟ್ಯಾಂಕಿಗೆ ತುಂಬುತ್ತಾರೆ. ಆಮ್ಲಜನಕ ನೂರಕ್ಕೆ 12ಕ್ಕೆ ಇಳಿದರೆ ಕಿಡಿ ಬಿದ್ದರೂ ಆವಿ ಹೊತ್ತದು. ಈಚೆಗೆ ತಯಾರಾದ ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಈ ಏರ್ಪಾಡು ಇರುತ್ತದೆ.

ನಮ್ಮ ಹಗೇವಿನ ಗುಟ್ಟೂ ಇದೇ ಅಲ್ಲವೇ? ಮುಚ್ಚಿದ ಗುಂಡಿಯಲ್ಲಿ ಜೋಳದ ಕಾಳು ಉಸಿರಾಡಿ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲ ಅನಿಲವನ್ನು ತುಂಬುತ್ತದೆ. ಅದರಿಂದ ಹುಳು ಸಾಯುತ್ತದೆ, ಕಾಳು ಉಳಿಯುತ್ತದೆ. ಕಾಳನ್ನು ಕಾಯ್ದ ಗಾಳಿಯೇ ಅವಸರದಿಂದ ಇಳಿದವನನ್ನು ಕೊಲ್ಲುತ್ತದೆ. ವಿಮಾನದಲ್ಲಿಯೂ ಹಾಗೆಯೇ. ಪ್ರಯಾಣಿಕನನ್ನು ಕಾಯಲು ತುಂಬಿದ ಸಾರಜನಕ, ದುರಸ್ತಿಗೆ ಇಳಿಯುವವನಿಗೆ ಹೊಸ ಯಮ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದಂತೆಯೂ ಆಗುವುದಿಲ್ಲ. ಸುಮ್ಮನೆ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದ ಇಂದಿನ ಶಿಕ್ಷಣದಲ್ಲಿ ಬೆಂಕಿಯ ಪಾಠದಷ್ಟೇ ಉಸಿರಿನ ಪಾಠಕ್ಕೂ ಮಹತ್ವವಿದೆ.

ಈ ಮಾತು ಬರೆಯುವಾಗ ನಮ್ಮ ಬೀದಿಗಳ ನೆನಪಾಗದೆ ಇರದು. ಒಳಚರಂಡಿಯ ಗುಂಡಿಗೂ ಶೌಚದ ಹೊಂಡಕ್ಕೂ ಇಳಿದು ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಇನ್ನೂ ಬರುತ್ತಲೇ ಇದೆ. ರಕ್ಷಣೆಯಿಲ್ಲದೆ ಮನುಷ್ಯನನ್ನು ಹಾಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ವಿಮಾನದ ಟ್ಯಾಂಕಿಗೆ ಇಳಿಯುವವನಿಗೆ ಮೀಟರುಂಟು, ಗಾಳಿಯುಂಟು, ಪಾಠವುಂಟು. ಆ ಗುಂಡಿಗೆ ಇಳಿಯುವವನಿಗೆ ಹಗೇವಿನ ಕಂದೀಲಾದರೂ ಇಲ್ಲ. ಮುಚ್ಚಿದ ಹೊಂಡದ ಗಾಳಿಗೆ ಇವನು ಮೆಕ್ಯಾನಿಕ್ಕು, ಅವನು ಪೌರಕಾರ್ಮಿಕನೆಂಬ ಭೇದ ತಿಳಿಯದು. ಭೇದ ಮಾಡಿದವರು ನಾವು.

ಹೊರಗೆ ನಿಂತವನು

ಇಷ್ಟೆಲ್ಲವನ್ನೂ ಹುಡುಗ ಹೇಳುತ್ತಿದ್ದಾಗ ಅವನ ತಾಯಿ ಗೋಡೆಗೆ ಒರಗಿ ಕೇಳುತ್ತಿದ್ದಳು. ಸಾರಜನಕ, ಮೀಟರುಗಳು ಅವಳಿಗೆ ಎಷ್ಟು ತಿಳಿದವೋ ನಾನರಿಯೆ. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನೀ ಒಳಗ ಇದ್ದಾಗ ಹೊರಗ ಯಾರರ ನಿಂತಿರತಾರೇನು?”

“ನಿಂತಿರತಾರ ಅವ್ವ. ನಾ ಹೊರಗ ಬರೂತನಕ ಅವ ಆ ಕಿಂಡಿ ಬಿಟ್ಟು ಕದಲಂಗಿಲ್ಲ. ಘಳಿಗಿಗೊಮ್ಮೆ ಮಾತಾಡಸ್ತಿರತಾನ.”

“ನೀ ಓಗೊಡಲಿಲ್ಲಂದ್ರ?”

ಹುಡುಗ ಸ್ವಲ್ಪ ತಡೆದು ಹೇಳಿದನು. “ಅವ ಒಳಗ ಬರಂಗಿಲ್ಲ ಅವ್ವ. ಅದ ಮೊದಲನೇ ಪಾಠ. ಗಾಳಿ ಜೋರು ಮಾಡಿ, ಗಂಟಿ ಬಾರಿಸಿ ಮಂದಿ ಕರೀತಾನ. ಉಸಿರಿನ ಸಲಕರಣಿ ಹಾಕ್ಕೊಂಡವರು ಬಂದು ನನ್ನ ತಗೀತಾರ. ಎಷ್ಟ ಜೀವದ ಗೆಳೆಯ ಇದ್ರೂ ಅವ ಹಂಗ ಧುಮುಕಬಾರದು.”

ತಾಯಿ ಬಹಳ ಹೊತ್ತು ಸುಮ್ಮನಿದ್ದಳು. ಮದುವೆಯ ಮನೆಯ ಆ ಮುಂಜಾನೆ ಅವಳ ಕಣ್ಣಮುಂದೆ ಬಂದಿರಬೇಕು. ಆಮೇಲೆ ಸೆರಗಿನಿಂದ ಮುಖ ಒರಸಿಕೊಂಡು, “ನಮ್ಮ ಸಣ್ಣ ಮಾವಗ ಇದನ್ನ ಹೇಳಿಕೊಟ್ಟವರು ಇರಲಿಲ್ಲ ನೋಡ್ರಿ,” ಎಂದಳು.

ಬುದ್ಧಿ ಹೇಳಿರೆಂದು ನನ್ನನ್ನು ಮತ್ತೆ ಕೇಳಲಿಲ್ಲ. ಹೊರಡುವಾಗ ಮಗನಿಗೆ ಅವಳೇ ಹೇಳಿದಳು: “ಎರಡು ವರ್ಷಕ್ಕೊಮ್ಮೆ ಅಂತಾರಲ್ಲ, ಆ ಸಾಲಿ ತಪ್ಪಸಬ್ಯಾಡ.”